ಶೂ ಅಂಗಡಿಯ ಇಂಗ್ಲಿಷು: ನೈಕಿಯ ಕಥೆಯಿಂದ ಭಾಷೆ ಕಲಿತ ಒಂದು ಪ್ರಕರಣ

ಇಂಗ್ಲಿಷ್ ಕಲಿಯಬೇಕೆಂದು ಬರುವ ವಯಸ್ಕರಲ್ಲಿ ಹೆಚ್ಚಿನವರು ತಮಗೆ ಪದಗಳೇ ಗೊತ್ತಿಲ್ಲವೆಂದು ಹೇಳಿಕೊಂಡು ಬರುತ್ತಾರೆ. ಇಲ್ಲಿ ದಾಖಲಿಸುತ್ತಿರುವ ಪ್ರಕರಣದ ಕಲಿಕಾರ್ಥಿಯೂ ಮೊದಲ ದಿನ ಅದನ್ನೇ ಹೇಳಿದರು. ಹದಿನಾಲ್ಕು ಭಾನುವಾರಗಳ ಪಾಠ ಮುಗಿದ ಮೇಲೆ ನನ್ನ ಟಿಪ್ಪಣಿ ಪುಸ್ತಕವನ್ನು ತಿರುವಿ ನೋಡಿದಾಗ ಕಂಡದ್ದು ಬೇರೆಯೇ. ಆಕೆಯನ್ನು ಎಡವಿಸಿದ ಪದಗಳಲ್ಲಿ ಹೆಚ್ಚಿನವು ಆಕೆಗೆ ಚಿಕ್ಕಂದಿನಿಂದಲೂ ಗೊತ್ತಿದ್ದವು. ಟ್ರಂಕು, ಐರನ್, ಲಾಕರ್, ಗ್ರಾಸ್, ಪಬ್ಲಿಕ್ ಮುಂತಾದ ಆ ಪದಗಳು ಎಂದೋ ಕನ್ನಡಕ್ಕೆ ಬಂದು, ಇಲ್ಲಿ ಮನೆ ಮಾಡಿಕೊಂಡು, ತವರಿನ ಅರ್ಥಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡು ಬದುಕುತ್ತಿರುವ ಪದಗಳು. ಗೊತ್ತಿಲ್ಲದ ಪದ ಎದುರಾದರೆ ಕಲಿಯುವವರು ನಿಂತು ಕೇಳುತ್ತಾರೆ. ಗೊತ್ತಿರುವ ಪದವಾದರೆ ಕೇಳದೆ ಮುಂದಕ್ಕೆ ಹೋಗುತ್ತಾರೆ. ಪದವಿಪೂರ್ವ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದ ನನಗೆ ಈ ಸಂಗತಿ ಇಷ್ಟು ಸ್ಪಷ್ಟವಾಗಿ ಹಿಂದೆಂದೂ ಕಂಡಿರಲಿಲ್ಲ ಎಂಬ ಕಾರಣಕ್ಕೆ ಈ ಬರಹ.

ಆಕೆಗೆ ಆಗ 24 ವರ್ಷ. ಶಿರಾ ಕಡೆಯ ಹಳ್ಳಿಯೊಂದರಲ್ಲಿ ಕನ್ನಡ ಮಾಧ್ಯಮದಲ್ಲಿ ಪಿಯುಸಿ ಮುಗಿಸಿ, ಬೆಂಗಳೂರಿಗೆ ಬಂದು ಪೀಣ್ಯದ ಕಡೆಯ ಗಾರ್ಮೆಂಟ್ಸ್ ಒಂದರಲ್ಲಿ ಮೂರು ವರ್ಷ ದುಡಿದು, ಅದನ್ನು ಬಿಟ್ಟು ರಾಜಾಜಿನಗರದಲ್ಲಿ ಕ್ರೀಡಾ ಉಡುಪು ಮತ್ತು ಶೂಗಳನ್ನು ಮಾರುವ ಅಂಗಡಿಯನ್ನು ಸೇರಿದ್ದರು. ಗಿರಾಕಿಗಳು ಇಂಗ್ಲಿಷಿನಲ್ಲಿ ಮಾತು ಆರಂಭಿಸಿದರೆ ‘ಒನ್ ಮಿನಿಟ್ ಸರ್’ ಎಂದು ಹೇಳಿ, ಒಳಗೆ ಹೋಗಿ ಇನ್ನೊಬ್ಬರನ್ನು ಕರೆದುಕೊಂಡು ಬರುವುದು ಆಕೆಯ ರೂಢಿಯಾಗಿತ್ತು. ಶೂಗಳ ವಿಷಯ ಆ ಇನ್ನೊಬ್ಬರಿಗಿಂತ ಆಕೆಗೇ ಚೆನ್ನಾಗಿ ಗೊತ್ತಿತ್ತು. ಯಾವುದರ ಅಟ್ಟೆ ಬೇಗ ಸವೆಯುತ್ತದೆ, ಯಾವುದು ಅಗಲ ಪಾದಕ್ಕೆ ಆಗಿಬರುವುದಿಲ್ಲ ಎಂಬುದನ್ನು ಕನ್ನಡದಲ್ಲಿ ನಿರರ್ಗಳವಾಗಿ ಹೇಳುತ್ತಿದ್ದರು. ಅಂಗಡಿಯಲ್ಲಿ ಪಾಳಿಯ ಮೇಲ್ವಿಚಾರಣೆಯ ಹುದ್ದೆಯೊಂದು ಖಾಲಿಯಾಗುವುದರಲ್ಲಿತ್ತು. ಅದರ ಸಂದರ್ಶನ ಇಂಗ್ಲಿಷಿನಲ್ಲಿ ನಡೆಯುವುದೆಂದು ತಿಳಿದು ನಮ್ಮ ಪಕ್ಕದ ಮನೆಯವರ ಮೂಲಕ ನನ್ನಲ್ಲಿಗೆ ಬಂದರು.

ಅದಕ್ಕೂ ಮೊದಲು ಆಕೆ ಬಸ್ ನಿಲ್ದಾಣದಲ್ಲಿ ಕೊಂಡ ವ್ಯಾಕರಣದ ಪುಸ್ತಕವೊಂದನ್ನು ಎರಡು ಸಲ ಆರಂಭಿಸಿ ಎರಡು ಸಲವೂ ಹತ್ತನೆಯ ಪುಟದಲ್ಲಿ ಬಿಟ್ಟಿದ್ದರು. ಅದರಲ್ಲಿ ರಾಮ ಮಾವಿನಹಣ್ಣು ತಿನ್ನುತ್ತಾನೆ, ತಿಂದನು, ತಿನ್ನುವನು. ಇದನ್ನು ತಿಳಿದು ಆಕೆ ಯಾರೊಂದಿಗೆ ಮಾತನಾಡಬೇಕಿತ್ತು? ದಿನವಿಡೀ ಕೈಯಲ್ಲಿ ಹಿಡಿಯುವ ಡಬ್ಬಿಗಳ ಮೇಲಿನ ಹೆಸರುಗಳ ಹಿಂದೆ ಇರುವ ಕಥೆಯನ್ನೇ ಪಾಠವಾಗಿಸಿದರೆ ಹೇಗೆ ಎಂಬ ಯೋಚನೆ ಬಂದದ್ದು ಹಾಗೆ. ಮೊದಲು ಮನಸ್ಸಿಗೆ ಬಂದದ್ದು ಜರ್ಮನಿಯ ಡಾಸ್ಲರ್ ಸಹೋದರರು: ಒಂದೇ ಕಾರ್ಖಾನೆ ನಡೆಸುತ್ತಿದ್ದವರು 1948ರಲ್ಲಿ ಬೇರೆಯಾಗಿ, ಅಣ್ಣ ರುಡಾಲ್ಫ್ ಪೂಮಾವನ್ನೂ ತಮ್ಮ ಅಡಾಲ್ಫ್ ಅಡಿಡಾಸನ್ನೂ ಒಂದೇ ಊರಿನಲ್ಲಿ ಎದುರುಬದುರಾಗಿ ಕಟ್ಟಿದ ಕಥೆ. ಪಾಲಾದ ಅಣ್ಣತಮ್ಮಂದಿರ ಜಗಳವನ್ನು ನಮ್ಮವರಿಗೆ ವಿವರಿಸಿ ಹೇಳಬೇಕಾದದ್ದಿಲ್ಲ. ಆದರೆ ಆ ಕಥೆ ನಡೆದದ್ದು ಜರ್ಮನ್ ಭಾಷೆಯಲ್ಲಿ. ಅದರ ಇಂಗ್ಲಿಷ್ ರೂಪ ಅನುವಾದ. ಅಮೆರಿಕದ ಪಶ್ಚಿಮ ತೀರದಲ್ಲಿ ನಡೆದ, ನೈಕಿ ಎಂಬ ಶೂ ಕಂಪನಿಯ ಕಥೆಯಲ್ಲಿ ಜನ ಆಡಿದ ಮಾತು, ಬರೆದ ಕಾಗದ ಹೆಚ್ಚಾಗಿ ಇಂಗ್ಲಿಷಿನಲ್ಲೇ ಹುಟ್ಟಿದವು. ಆದ್ದರಿಂದ ಅದನ್ನೇ ಆರಿಸಿಕೊಂಡು, ವಾರಕ್ಕೆ ಒಂದು ಪುಟದಂತೆ ಸರಳ ಇಂಗ್ಲಿಷಿನಲ್ಲಿ ನಾನೇ ಬರೆದುಕೊಟ್ಟೆ. ಆಕೆ ಅದನ್ನು ಓದಿ ಕನ್ನಡದಲ್ಲಿ ಹೇಳಬೇಕು. ಮುಂದಿನ ಭಾನುವಾರ ಕಾಗದ ನೋಡದೆ ಇಂಗ್ಲಿಷಿನಲ್ಲಿ ಹೇಳಬೇಕು. ನಿಯಮವೆಂದರೆ ಇಷ್ಟೇ.

ಹೆಸರುಗಳಲ್ಲೇ ಮೊದಲ ತೊಡಕು

ಕಂಪನಿಯ ಸ್ಥಾಪಕ ಫಿಲ್ ನೈಟ್ 1938ರಲ್ಲಿ ಆರೆಗಾನ್ ರಾಜ್ಯದ ಪೋರ್ಟ್‌ಲೆಂಡಿನಲ್ಲಿ ಹುಟ್ಟಿದವರು. ಆ ಹೆಸರನ್ನು ಆಕೆ ‘ಕ್ನೈಟ್’ ಎಂದು ಓದಿದರು. ಬರೆದಂತೆ ಓದುವ ಲಿಪಿಯಲ್ಲಿ ಬೆಳೆದವರಿಗೆ ಒಂದು ಅಕ್ಷರ ಬರೆದೂ ಸುಮ್ಮನಿರುತ್ತದೆ ಎಂಬುದು ವಿಚಿತ್ರವೇ. ಅಂಗಡಿಯ ಹೆಸರುವಾಸಿ ಬ್ರ್ಯಾಂಡನ್ನು ಎಲ್ಲರಂತೆ ‘ನೈಕ್’ ಎನ್ನುತ್ತಿದ್ದರು. ಬೈಕ್, ಲೈಕ್, ಮೈಕ್ ಎಂಬ ಪದಗಳ ಸಾಲಿನಲ್ಲಿ ಇಟ್ಟು ನೋಡಿದರೆ ಆ ಉಚ್ಚಾರಣೆ ತಪ್ಪೇನೂ ಅಲ್ಲ, ತರ್ಕಬದ್ಧವಾದದ್ದೇ. ಆದರೆ ಹೆಸರು ಗ್ರೀಕರ ವಿಜಯದೇವತೆಯದು, ಕೊನೆಯ ಸ್ವರವನ್ನು ಉಚ್ಚರಿಸಲೇಬೇಕು, ನೈಟ್ ಅವರೇ 2014ರಲ್ಲಿ ಇಬ್ಬರು ಬರೆದು ಕೇಳಿದ ಪ್ರಶ್ನೆಗೆ ‘ನೈಕಿ’ಯೇ ಸರಿ ಎಂದು ಉತ್ತರಿಸಿದ್ದಾರೆ. ಇದನ್ನು ಕೇಳಿದ ಆಕೆ ಆಡಿದ ಮಾತು ವ್ಯಾವಹಾರಿಕವಾಗಿತ್ತು: “ನಾನು ನೈಕಿ ಅಂದ್ರೆ ಗಿರಾಕಿಗಳು ನನಗೇ ತಿದ್ದುತಾರೆ ಸಾರ್.” ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆರೆಗಾನ್ ಆಕೆಯ ಬಾಯಲ್ಲಿ ‘ವೊರೆಗಾನ್’ ಆಯಿತು. ಪದದ ಮೊದಲಿನ ಒಕಾರಕ್ಕೆ ವಕಾರದ ಛಾಯೆ ಹತ್ತುವುದು, ಎಕಾರಕ್ಕೆ ಯಕಾರ ಹತ್ತುವುದು ನಮ್ಮ ನಾಲಗೆಯ ಗುಣ. ‘ಒನ್ಲಿ’ಯನ್ನು ‘ವೋನ್ಲಿ’ ಎಂದೂ ‘ಎವ್ರಿ’ಯನ್ನು ‘ಯವ್ರಿ’ ಎಂದೂ ಹೇಳುವ ಪ್ರಾಧ್ಯಾಪಕರೂ ಇದ್ದಾರೆ. ಅದನ್ನು ತಿದ್ದಲು ಸಮಯ ವ್ಯಯಿಸಲಿಲ್ಲ.

ರಟ್ಟಿನ ಚೀಟಿಗಳು

ನೈಟ್ ಅವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಂಬಿಎ ಓದುತ್ತಿದ್ದಾಗ ಒಂದು ಪ್ರಬಂಧ ಬರೆದರು. ಅದರ ಶೀರ್ಷಿಕೆಯೇ ಒಂದು ಪ್ರಶ್ನೆ: ‘ಕ್ಯಾನ್ ಜಪಾನೀಸ್ ಸ್ಪೋರ್ಟ್ಸ್ ಶೂಸ್ ಡೂ ಟು ಜರ್ಮನ್ ಸ್ಪೋರ್ಟ್ಸ್ ಶೂಸ್ ವಾಟ್ ಜಪಾನೀಸ್ ಕ್ಯಾಮೆರಾಸ್ ಡಿಡ್ ಟು ಜರ್ಮನ್ ಕ್ಯಾಮೆರಾಸ್?’ ಆಗ ಓಟದ ಶೂಗಳ ಪೇಟೆ ಜರ್ಮನ್ ಕಂಪನಿಗಳ ಕೈಯಲ್ಲಿತ್ತು. ಕ್ಯಾಮೆರಾ ಪೇಟೆಯಲ್ಲಿ ಮಾತ್ರ ಜಪಾನ್ ಅದಾಗಲೇ ಜರ್ಮನಿಯನ್ನು ಹಿಂದಕ್ಕೆ ತಳ್ಳಿತ್ತು. ಮುಂದಿನ ಇಡೀ ಕಥೆ ಈ ಒಂದು ವಾಕ್ಯದಿಂದ ಹೊರಟದ್ದು.

ವಾಕ್ಯವನ್ನು ಓದಿದ ಆಕೆ ಎಲ್ಲ ಪದಗಳೂ ಗೊತ್ತು, ಅರ್ಥ ಮಾತ್ರ ಆಗುತ್ತಿಲ್ಲ ಎಂದರು. ಅಂದು ಆಕೆಯ ಚೀಲದಲ್ಲಿ ಒಂದು ಖಾಲಿ ಶೂ ಡಬ್ಬಿ ಇತ್ತು. ಅದರ ಮುಚ್ಚಳವನ್ನು ಕತ್ತರಿಸಿ, ವಾಕ್ಯದ ತುಂಡುಗಳನ್ನು ಒಂದೊಂದು ರಟ್ಟಿನ ಮೇಲೆ ಬರೆದು, ಜಗಲಿಯ ಮೇಲೆ ಸಾಲಾಗಿ ಜೋಡಿಸಿದೆವು. ನಂತರ ಅದನ್ನೇ ಕನ್ನಡದಲ್ಲಿ ಹೇಳಲು ಕೇಳಿದೆ. ಸ್ವಲ್ಪ ತಡವರಿಸಿ ಆಕೆ ಹೇಳಿದ್ದು ಹೀಗೆ: ಜರ್ಮನಿ ಕ್ಯಾಮೆರಾಗಳಿಗೆ ಜಪಾನ್ ಕ್ಯಾಮೆರಾಗಳು ಏನು ಮಾಡಿದವೋ ಅದನ್ನೇ ಜರ್ಮನಿ ಶೂಗಳಿಗೆ ಜಪಾನ್ ಶೂಗಳು ಮಾಡಬಲ್ಲವಾ? ಈ ಕ್ರಮದಲ್ಲಿ ರಟ್ಟುಗಳನ್ನು ಜೋಡಿಸಿಕೊಂಡು ಬಂದಾಗ ಇಂಗ್ಲಿಷಿನ ಕೊನೆಯ ರಟ್ಟು ಮೊದಲಿಗೆ ಬಂದು, ಮೊದಲ ರಟ್ಟಾಗಿದ್ದ ‘ಕ್ಯಾನ್’ ಕೊನೆಗೆ ಹೋಗಿ ‘ಬಲ್ಲವಾ’ ಆಗಿ ಕುಳಿತಿತು. ಬಟ್ಟೆಯನ್ನು ಒಳಮೈ ಹೊರಮೈ ಮಾಡಿದ ಹಾಗೆ ವಾಕ್ಯವಿಡೀ ಮಗುಚಿಕೊಂಡಿತ್ತು. ಕನ್ನಡದ ‘ಏನು...ವೋ ಅದನ್ನೇ’ ಎಂಬ ಜೋಡಿ ಕೆಲಸವನ್ನು ಇಂಗ್ಲಿಷ್ ಒಂದೇ ‘ವಾಟ್’ನಿಂದ ಮಾಡಿಸುತ್ತದೆ, ಆ ‘ವಾಟ್’ ಇಲ್ಲಿ ಪ್ರಶ್ನೆಯಲ್ಲ ಎಂಬುದು ಆಕೆಗೆ ಕಣ್ಣಿಗೇ ಕಂಡಿತು. ಎರಡು ವಾರಗಳ ನಂತರ ಆಕೆ ತಾವಾಗಿಯೇ ಹೇಳಿದ ವಾಕ್ಯ: ‘ಟೆಲ್ ಮಿ ವಾಟ್ ಯು ವಾಂಟ್ ಸರ್.’ ಅಂಗಡಿಯಲ್ಲಿ ಅದನ್ನು ಬಳಸಿಯೂ ಬಂದಿದ್ದರು. ಒಳಗೆ ಹೋಗಿ ಇನ್ನೊಬ್ಬರನ್ನು ಕರೆಯದೆ ಉಳಿದ ಮೊದಲ ಸಂದರ್ಭ ಅದು.

ಗೊತ್ತಿರುವ ಪದಗಳ ಕಾಟ

1962ರಲ್ಲಿ ನೈಟ್ ಜಪಾನಿನ ಕೋಬೆಗೆ ಹೋಗಿ, ಟೈಗರ್ ಎಂಬ ಹೆಸರಿನ ಶೂಗಳನ್ನು ತಯಾರಿಸುತ್ತಿದ್ದ ಒನಿತ್ಸುಕಾ ಕಂಪನಿಯವರನ್ನು ಕಂಡರು. ಮುಂದೆ ಏಸಿಕ್ಸ್ ಆದದ್ದು ಇದೇ ಕಂಪನಿ. 1964ರ ಜನವರಿಯಲ್ಲಿ ನೈಟ್ ಮತ್ತು ಆರೆಗಾನ್ ವಿಶ್ವವಿದ್ಯಾಲಯದಲ್ಲಿ ಅವರಿಗೆ ಓಟ ಕಲಿಸಿದ್ದ ಬಿಲ್ ಬವರ್ಮನ್ ತಲಾ 500 ಡಾಲರ್ ಹಾಕಿ ಬ್ಲೂ ರಿಬ್ಬನ್ ಸ್ಪೋರ್ಟ್ಸ್ ಎಂಬ ಸಂಸ್ಥೆ ಕಟ್ಟಿದರು. ಅಂಗಡಿಯಿರಲಿಲ್ಲ, ಓಟದ ಸ್ಪರ್ಧೆಗಳು ನಡೆಯುವಲ್ಲಿಗೆ ಹೋಗಿ ನೈಟ್ ತಮ್ಮ ಕಾರಿನ ಟ್ರಂಕಿನಿಂದ ಶೂ ಮಾರುತ್ತಿದ್ದರು.

ಇಲ್ಲಿ ಆಕೆ ಕ್ಷಣವೂ ನಿಲ್ಲಲಿಲ್ಲ. ಟ್ರಂಕು ಯಾರಿಗೆ ಗೊತ್ತಿಲ್ಲ? ಕಾರಿನೊಳಗೆ ಒಂದು ತಗಡಿನ ಟ್ರಂಕು, ಅದಕ್ಕೆ ಬೀಗ, ಅದರಲ್ಲಿ ಶೂ. ಕಥೆಯನ್ನು ಮರಳಿ ಹೇಳುವಾಗ ಆಕೆ ‘ಹಿ ಕೆಪ್ಟ್ ಎ ಬಿಗ್ ಟ್ರಂಕ್ ಇನ್ ದಿ ಕಾರ್’ ಎಂದು ಚೆನ್ನಾಗಿಯೇ ಹೇಳಿದಾಗ ನನಗೆ ತಪ್ಪು ತಿಳಿಯಿತು. ನಾವು ಡಿಕ್ಕಿ ಎನ್ನುವುದನ್ನು ಅಮೆರಿಕನ್ನರು ಟ್ರಂಕ್ ಎನ್ನುತ್ತಾರೆ. ಮೊದಲ ವರ್ಷ 1,300 ಜೊತೆ ಶೂ ಮಾರಾಟವಾಗಿ ಸಂಸ್ಥೆ 8,000 ಡಾಲರ್ ‘ಗ್ರಾಸ್’ ಮಾಡಿತೆಂಬ ವಾಕ್ಯ ಇನ್ನೂ ಬೇರೆ ದಾರಿ ಹಿಡಿಯಿತು. ಗಾರ್ಮೆಂಟ್ಸಿನಲ್ಲಿ ಗುಂಡಿಗಳನ್ನು ಗ್ರಾಸಿನ ಲೆಕ್ಕದಲ್ಲಿ ಕೊಡುತ್ತಾರೆ, ಒಂದು ಗ್ರಾಸ್ ಎಂದರೆ 144. ಡಾಲರನ್ನು 144ರಿಂದ ಗುಣಿಸಲು ಹೊರಟವರನ್ನು ತಡೆದು, ಇಲ್ಲಿ ಅದು ಖರ್ಚು ಕಳೆಯುವ ಮೊದಲಿನ ಒಟ್ಟು ಮಾರಾಟದ ಹಣ ಎಂದು ವಿವರಿಸಿದೆ. ಆಗ ಆಕೆ ಭಾಗಿಸಿ ನೋಡಿ ಜೊತೆಗೆ ಆರು ಡಾಲರ್ ಚಿಲ್ಲರೆ ಬಿತ್ತು ಎಂದರು; ಅದರಲ್ಲಿ ಜಪಾನಿನವರಿಗೆ ಎಷ್ಟು ಹೋಯಿತು, ಹಡಗಿಗೆ ಎಷ್ಟು ಹೋಯಿತು ಎಂಬ ಪ್ರಶ್ನೆಗಳನ್ನು ಕೇಳಿದರು. ವ್ಯಾಪಾರದ ಕಥೆಯ ಅನುಕೂಲವೇ ಇದು. ಕೇಳಬೇಕೆನಿಸುವ ಪ್ರಶ್ನೆ ಇರುವವರಿಗೆ ‘ಹೌ ಮಚ್’ ಮತ್ತು ‘ಹೌ ಮೆನಿ’ಗಳ ನಡುವಿನ ವ್ಯತ್ಯಾಸವನ್ನು ಬೇರೆಯಾಗಿ ಕಲಿಸಬೇಕಾಗುವುದಿಲ್ಲ.

ಜೊತೆ ಎಂಬ ಪದವನ್ನೂ ಇಲ್ಲಿ ಹೇಳಬೇಕು. ಕನ್ನಡದಲ್ಲಿ ‘ಶೂಸ್’ ಏಕವಚನವಾಗಿ ಹೋಗಿದೆ; ಒಂದು ಶೂಸ್, ಎರಡು ಶೂಸು, ಬೇಕಾದರೆ ಶೂಸ್‌ಗಳು. ಆದ್ದರಿಂದ ‘ಎ ಶೂಸ್’ ಎನ್ನುವ ಅಭ್ಯಾಸ ಬಿಡಿಸುವುದು ಕಷ್ಟವಾಯಿತು. ‘ಒಂದು ಜೊತೆ’ ಎಂದು ಕನ್ನಡದಲ್ಲಿ ಮನಸ್ಸಿನೊಳಗೆ ಹೇಳಿಕೊಂಡು ‘ಎ ಪೇರ್ ಆಫ್’ ಎಂದು ಆರಂಭಿಸಿದರೆ ಸರಿಯಾಗಿ ಬರುತ್ತಿತ್ತು, ಮರೆತರೆ ಇಲ್ಲ.

ಸಂಸ್ಥೆಯ ಇತಿಹಾಸದಲ್ಲಿ ಅತಿ ಹೆಚ್ಚು ಸಲ ಹೇಳಲಾಗುವ ಪ್ರಸಂಗ 1971ರದು. ಓಟಗಾರರಿಗೆ ಮುಳ್ಳಿಲ್ಲದೆಯೂ ನೆಲವನ್ನು ಕಚ್ಚಿ ಹಿಡಿಯುವ, ಹಗುರವಾದ ಅಟ್ಟೆಯೊಂದನ್ನು ಮಾಡಬೇಕೆಂದು ತಲೆ ಕೆಡಿಸಿಕೊಂಡಿದ್ದ ಬವರ್ಮನ್, ಹೆಂಡತಿ ಬಾರ್ಬರಾ ವಾಫಲ್ ಎಂಬ ಗುಳಿಗುಳಿಯ ತಿಂಡಿ ಮಾಡುವ ಅಚ್ಚಿನ ಕಾವಲಿಯನ್ನು ನೋಡಿ, ಅದಕ್ಕೆ ಗಟ್ಟಿಯಾದರೆ ರಬ್ಬರಿನಂತಾಗುವ ಯುರೇಥೇನ್ ದ್ರವವನ್ನು ಸುರಿದರು. ಮೊದಲ ಸಲ ಅದು ಮುಚ್ಚಿಕೊಂಡು ಅಂಟಿ ಹಾಳಾಯಿತು. ಪಾಠದಲ್ಲಿ ನಾನು ‘ವಾಫಲ್ ಐರನ್’ ಎಂದೇ ಬರೆದಿದ್ದೆ. ವಾಫಲ್ ಏನೆಂದು ಆಕೆ ಕೇಳಿದರು, ಹೇಳಿದೆ. ಐರನ್ ಏನೆಂದು ಕೇಳಲಿಲ್ಲ. ಮುಂದಿನ ವಾರ ಕಥೆ ಹೇಳುವಾಗ ಬವರ್ಮನ್ ಸಾಹೇಬರು ಇಸ್ತ್ರಿಪೆಟ್ಟಿಗೆಯನ್ನು ಮಗುಚಿ ಹಿಡಿದು ಅದರ ಮೇಲೆ ರಬ್ಬರ್ ಸುರಿಯುತ್ತಿದ್ದರು! ಗಾರ್ಮೆಂಟ್ಸಿನಲ್ಲಿ ಐರನ್ ಮಾಡುವವರದೇ ಒಂದು ವಿಭಾಗ. ಮೂರು ವರ್ಷ ಅದರ ಹಬೆಯ ಪಕ್ಕದಲ್ಲಿ ನಿಂತವರಿಗೆ ಬೇರೆ ಐರನ್ ತೋಚುವುದು ಹೇಗೆ? ನಾನು ಒಳಗಿನಿಂದ ಪಡ್ಡಿನ ಕಾವಲಿ ತಂದು ತೋರಿಸಿದೆ. ಕಬ್ಬಿಣದ ಅಚ್ಚು, ಅದರ ಗುಳಿಗಳು, ಹಿಟ್ಟು ಸುರಿದರೆ ಬರುವ ಆಕಾರ. ಆಕೆ ತಮ್ಮ ಶೂವನ್ನು ಕಳಚಿ ಮಗುಚಿ ಅಟ್ಟೆಯ ಗುಬ್ಬಿಗಳನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡರು. “ಎಣ್ಣೆ ಸವರಿರಲಿಲ್ಲ ಅನ್ಸುತ್ತೆ ಸಾರ್, ಅದಕ್ಕೇ ಅಂಟಿರೋದು” ಎಂದ ಮಾತು ಅಕ್ಷರಶಃ ನಿಜ. ಆ ಹಾಳಾದ ಕಾವಲಿ ಬವರ್ಮನ್ ಅವರ ಮನೆಯ ಹಿಂದೆ ಕಸದ ಗುಂಡಿಯಲ್ಲಿ ಹೂತುಹೋಗಿದ್ದು 2010ರಲ್ಲಿ ಸಿಕ್ಕಿತು.

ಅಟ್ಟೆಗೆ ಇಂಗ್ಲಿಷಿನಲ್ಲಿ ‘ಸೋಲ್’. ಒಂದು ಪ್ರದೇಶದಲ್ಲಿ ಒಬ್ಬರೇ ಮಾರುವ ಹಕ್ಕು ಪಡೆದರೆ ಅವರು ‘ಸೋಲ್’ ಡಿಸ್ಟ್ರಿಬ್ಯೂಟರ್. ಆತ್ಮವೂ ‘ಸೋಲ್’. ವಿಜಯದೇವತೆಯ ಹೆಸರಿನ ಶೂವಿನ ಅಡಿಯಲ್ಲಿ ಕನ್ನಡದ ಕಿವಿಗೆ ಸೋಲು ಕೇಳಿಸುತ್ತದೆಂದು ಆಕೆ ನಕ್ಕದ್ದರಿಂದ ಮೂರೂ ಒಂದೇ ಸಲಕ್ಕೆ ನೆನಪಿನಲ್ಲಿ ಉಳಿದವು.

1980ರ ಡಿಸೆಂಬರಿನಲ್ಲಿ ಕಂಪನಿ ‘ವೆಂಟ್ ಪಬ್ಲಿಕ್’ ಎಂಬುದನ್ನು ಆಕೆ ಸರ್ಕಾರ ವಹಿಸಿಕೊಂಡಿತು ಎಂದು ತಿಳಿದರು. ಎಚ್‌ಎಎಲ್, ಬಿಇಎಲ್‌ಗಳ ಊರಿನಲ್ಲಿ ಪಬ್ಲಿಕ್ ಎಂದರೆ ಸರ್ಕಾರದ್ದೇ. ಶೇರುಗಳನ್ನು ಜನರಿಗೆ ಮಾರಿದ್ದು ಎಂದು ಹೇಳಿ ಮುಂದಕ್ಕೆ ಹೋದೆವು.

ನಡೆಸುವುದು, ಓಡಿಸುವುದು

ಓಟಗಾರರು ಕಟ್ಟಿದ ಕಂಪನಿಯ ಕಥೆಯಲ್ಲಿ ‘ರನ್’ ಎಂಬ ಕ್ರಿಯಾಪದ ಪುಟಪುಟಕ್ಕೂ ಬರುವುದು ಸಹಜ. ನಾನೂ ಬೇಕೆಂದೇ ಹೆಚ್ಚು ಬಳಸಿದ್ದೆ. ಬವರ್ಮನ್ ಅವರ ಶಿಷ್ಯರು ರನ್ ಮಾಡಿದರು, ನೈಟ್ ಕಂಪನಿ ರನ್ ಮಾಡಿದರು, ಮಾಲು ತರಿಸಲು ಹಣ ‘ರನ್ ಔಟ್’ ಆಯಿತು. ಕನ್ನಡದಲ್ಲಿಯೂ ವ್ಯಾಪಾರ ಓಡುತ್ತದೆ, ಸಿನಿಮಾ ಓಡುತ್ತದೆ. ಆದರೆ ಅಂಗಡಿಯನ್ನು ನಾವು ಓಡಿಸುವುದಿಲ್ಲ, ನಡೆಸುತ್ತೇವೆ. ಸಂಸಾರವನ್ನೂ ಶಾಲೆಯನ್ನೂ ಸರ್ಕಾರವನ್ನೂ ನಡೆಸುತ್ತೇವೆ. ಇಂಗ್ಲಿಷರು ಅವೆಲ್ಲವನ್ನೂ ಓಡಿಸುತ್ತಾರೆ. ಇದನ್ನು ಹೇಳಿದ ದಿನ ಆಕೆ ಪುಸ್ತಕದ ಒಂದು ಪುಟವನ್ನು ಎರಡು ಭಾಗ ಮಾಡಿ, ಎಡಕ್ಕೆ ‘ನಡೆಸು’ ಬರುವ ಕನ್ನಡ ಮಾತುಗಳನ್ನೂ ಬಲಕ್ಕೆ ‘ರನ್’ ಹಾಕಿ ಆಗುವ ಇಂಗ್ಲಿಷ್ ಮಾತುಗಳನ್ನೂ ಬರೆದುಕೊಂಡರು. ಸಂಸಾರದ ಎದುರಿನ ಬಲಭಾಗ ಬಹಳ ದಿನ ಖಾಲಿ ಉಳಿಯಿತು. ‘ರನ್ ಎ ಫ್ಯಾಮಿಲಿ’ ಎಂದು ಬರೆಯಲು ನನಗೇ ಮನಸ್ಸಾಗಲಿಲ್ಲ.

35 ಡಾಲರ್ ಕೊಟ್ಟವರಾರು?

ಒನಿತ್ಸುಕಾ ಜೊತೆಗಿನ ಸಂಬಂಧ ಹಳಸುತ್ತಾ ಬಂದು, 1971ರಲ್ಲಿ ತಮ್ಮದೇ ಶೂ ಹೊರತರಬೇಕಾದಾಗ ಅದಕ್ಕೊಂದು ಗುರುತು ಬೇಕಾಯಿತು. ಪೋರ್ಟ್‌ಲೆಂಡ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನೈಟ್ ಲೆಕ್ಕಶಾಸ್ತ್ರದ ಪಾಠವನ್ನೂ ಮಾಡುತ್ತಿದ್ದರು. ಅಲ್ಲಿ ವಿನ್ಯಾಸ ಕಲಿಯುತ್ತಿದ್ದ ಕ್ಯಾರೊಲಿನ್ ಡೇವಿಡ್ಸನ್ ಎಂಬ ವಿದ್ಯಾರ್ಥಿನಿಯಿಂದ ಅದನ್ನು ಬರೆಸಿದರು. ಇಂದು ಪ್ರಪಂಚಕ್ಕೆಲ್ಲ ಗೊತ್ತಿರುವ, ಸ್ವೂಷ್ ಎಂಬ ಬಾಗಿದ ಗೆರೆಯ ಗುರುತು ಅದೇ. ಸ್ವೂಷ್ ಎಂಬುದು ನಮ್ಮ ಸರ್ರನೆ, ರೊಯ್ಯನೆ ಎಂಬವುಗಳ ಜಾತಿಯ ಪದ. ಹೆಸರು ಮಾತ್ರ ಬೇರೆಯವರಿಂದ ಬಂತು: ನೈಟ್ ಅವರಿಗೆ ‘ಡೈಮೆನ್ಷನ್ ಸಿಕ್ಸ್’ ಎಂದಿಡುವ ಆಸೆ, ಆದರೆ ಕಂಪನಿಯ ಮೊದಲ ಪೂರ್ಣಾವಧಿ ನೌಕರ ಜೆಫ್ ಜಾನ್ಸನ್ ಅವರಿಗೆ ಕನಸಿನಲ್ಲಿ ‘ನೈಕಿ’ ಎಂಬ ಹೆಸರು ಹೊಳೆಯಿತು.

ಪಾಠದ ವಾಕ್ಯ ಹೀಗಿತ್ತು: ‘ಷಿ ವಾಸ್ ಪೇಯ್ಡ್ 35 ಡಾಲರ್ಸ್ ಫಾರ್ ದಿ ಡಿಸೈನ್.’ ಆಕೆ ಅದನ್ನು ‘ಡಿಸೈನಿಗಾಗಿ ಅವಳು 35 ಡಾಲರ್ ಕೊಟ್ಟಳು’ ಎಂದು ಕನ್ನಡಿಸಿದರು. ಕೆಲಸ ಮಾಡಿದವಳೇ ದುಡ್ಡು ಏಕೆ ಕೊಡುತ್ತಾಳಮ್ಮ ಎಂದು ಕೇಳಿದೆ. ಆಕೆಗೆ ಅದರಲ್ಲಿ ಆಶ್ಚರ್ಯವೇನೂ ಕಂಡಿರಲಿಲ್ಲ. “ಕೆಲಸ ಕೊಡಿಸೋಕೆ ಮುಂಚೆ ದುಡ್ಡು ಕಟ್ಟಿಸ್ಕೊಳ್ತಾರಲ್ಲ ಸಾರ್, ಹಂಗೆ ಅಂದ್ಕೊಂಡೆ” ಎಂದರು. ಒಂದು ‘ವಾಸ್’ ಕಣ್ತಪ್ಪಿದರೆ ಹಣ ಹರಿಯುವ ದಿಕ್ಕೇ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಯಾವ ವ್ಯಾಕರಣದ ಪುಸ್ತಕವೂ ಕೊಟ್ಟದ್ದನ್ನು ನಾನು ನೋಡಿಲ್ಲ.

ಕರ್ಮಣಿ ಪ್ರಯೋಗ ಕನ್ನಡಿಗರಿಗೆ ಕಷ್ಟವಾಗುವುದಕ್ಕೆ ಕಾರಣ ಸ್ಪಷ್ಟ. ಶಾಲೆಯಲ್ಲಿ ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂದು ಕಲಿಸುತ್ತಾರೆ. ಮನೆಯಲ್ಲಿ ಯಾರೂ ಹಾಗೆ ಮಾತನಾಡುವುದಿಲ್ಲ. ‘ಅವಳಿಗೆ 35 ಡಾಲರ್ ಕೊಟ್ಟರು’ ಎಂದರೆ ಮುಗಿಯಿತು, ಕೊಟ್ಟವರು ಯಾರೆಂದು ಹೇಳುವ ಅಗತ್ಯವೇ ಇಲ್ಲ. ‘ಕೊಟ್ಟರು’ ಎಂಬ ಕ್ರಿಯಾಪದದೊಳಗೆ ಹೆಸರಿಲ್ಲದ ಯಾರೋ ಅಡಗಿ ಕುಳಿತಿರುತ್ತಾರೆ. ಇಂಗ್ಲಿಷಿನಲ್ಲಿ ಕರ್ತೃವಿಲ್ಲದೆ ವಾಕ್ಯ ನಿಲ್ಲದಿರುವುದರಿಂದ, ಕೊಟ್ಟವರನ್ನು ಹೇಳದಿರಬೇಕಾದರೆ ಪಡೆದವರನ್ನು ತಂದು ಆ ಜಾಗದಲ್ಲಿ ಕೂರಿಸಬೇಕಾಗುತ್ತದೆ. ಹೀಗೆ ಹೇಳಿದ ಮೇಲೆ ‘ಲ್ಪಡು’ವನ್ನು ಮರೆತು, ‘ಯಾರೋ ಮಾಡಿದರು’ ಎಂಬ ಕನ್ನಡ ವಾಕ್ಯಗಳನ್ನು ಹುಡುಕಿ ತರಲು ಹೇಳಿದೆ. ‘ಐ ವಾಸ್ ಟ್ರೈನ್ಡ್ ಫಾರ್ ಟೆನ್ ಡೇಸ್’, ‘ಐ ವಾಸ್ ಪುಟ್ ಇನ್ ಚೆಕ್ಕಿಂಗ್’ ಎಂಬ ವಾಕ್ಯಗಳು ಆಕೆಯ ಹಳೆಯ ಕೆಲಸದಿಂದಲೇ ಬಂದವು.

ಡೇವಿಡ್ಸನ್ ಅವರ ಕೂಲಿಯ ಲೆಕ್ಕವನ್ನೂ ಆಕೆ ಬಿಡಲಿಲ್ಲ: ಗಂಟೆಗೆ 2 ಡಾಲರ್, ಹದಿನೇಳೂವರೆ ಗಂಟೆ. ಚಿತ್ರವನ್ನು ನೋಡಿದ ನೈಟ್, ತಮಗದು ಅಷ್ಟೇನೂ ಇಷ್ಟವಾಗಿಲ್ಲ, ಆದರೆ ‘ಇಟ್ ವಿಲ್ ಗ್ರೋ ಆನ್ ಮಿ’ ಎಂದರೆಂದು ದಾಖಲೆಯಾಗಿದೆ. ‘ಅದು ನನ್ನ ಮೇಲೆ ಬೆಳೆಯುತ್ತದೆ’ ಎಂದು ಕನ್ನಡಿಸಿದ ಆಕೆಗೆ ಗೋಡೆಯ ಮೇಲೆ ಅರಳಿಗಿಡ ಬೆಳೆಯುವ ಚಿತ್ರ ಕಂಡಿತಂತೆ. ನೋಡುತ್ತಾ ನೋಡುತ್ತಾ ಹಿಡಿಸುತ್ತದೆ ಎಂಬುದು ಅದರ ಅರ್ಥ. 1983ರಲ್ಲಿ ಕಂಪನಿ ಡೇವಿಡ್ಸನ್ ಅವರನ್ನು ಕರೆಸಿ ಸ್ವೂಷ್ ಗುರುತಿನ ವಜ್ರದ ಉಂಗುರವನ್ನೂ ಕಂಪನಿಯ ಶೇರುಗಳನ್ನೂ ಕೊಟ್ಟಿತು. ಹನ್ನೆರಡು ವರ್ಷ ತಡ ಎಂದು ಆಕೆಯ ಅಭಿಪ್ರಾಯ.

ಮಾಡಿಬಿಡು

1988ರ ‘ಜಸ್ಟ್ ಡೂ ಇಟ್’ ಅನ್ನು ಆಕೆ ದಿನಕ್ಕೆ ನೂರು ಸಲ ನೋಡುತ್ತಿದ್ದರು, ಬನಿಯನ್ನಿನ ಮೇಲೆ, ಚೀಲದ ಮೇಲೆ. ಮೂರೂ ಪದ ಬಲ್ಲರು. ‘ಜಸ್ಟ್’ ಎಂದರೆ ಈಗ ತಾನೇ, ‘ಜಸ್ಟ್ ಹೋದರು’ ಎನ್ನುವುದಿಲ್ಲವೇ? ಹಾಗಾದರೆ ‘ಈಗ ತಾನೇ ಮಾಡು’ ಎಂದಾಯಿತು, ಅದು ಕೂಡಲಿಲ್ಲ. ಇಲ್ಲಿನ ‘ಜಸ್ಟ್’ನ ಕೆಲಸವನ್ನು ಕನ್ನಡದಲ್ಲಿ ಬೇರೊಂದು ಪದ ಮಾಡುವುದಿಲ್ಲ, ಕ್ರಿಯಾಪದದ ಬಾಲಕ್ಕೆ ಬರುವ ‘ಬಿಡು’ ಮಾಡುತ್ತದೆ: ಮಾಡಿಬಿಡು. ‘ಇಟ್’ ಯಾವುದು ಎಂದು ಕೇಳಿದರೆ, ಕನ್ನಡ ಅದನ್ನು ಹೇಳುವುದೇ ಇಲ್ಲ. ಈ ಪಾಠದಿಂದ ಅಂಗಡಿಗೆ ಹೋದ ವಾಕ್ಯ ‘ಜಸ್ಟ್ ಟ್ರೈ ಇಟ್ ಸರ್’. ಕೊನೆಯ ‘ಸರ್’ ಏಕೆಂದು ಕೇಳಿದಾಗ, ಅದಿಲ್ಲದಿದ್ದರೆ ‘ಹಾಕ್ಕೊಂಡ್ ನೋಡು’ ಎಂದು ಏಕವಚನದಲ್ಲಿ ಕರೆದಂತಾಗುತ್ತದಲ್ಲ ಎಂದರು.

ಆ ಘೋಷವಾಕ್ಯದ ಮೊದಲ ಜಾಹೀರಾತಿನಲ್ಲಿ ಇದ್ದವರು ಸ್ಯಾನ್ ಫ್ರಾನ್ಸಿಸ್ಕೋದ ವಾಲ್ಟ್ ಸ್ಟ್ಯಾಕ್ ಎಂಬ 80 ವರ್ಷದ ಓಟಗಾರ. ಗೋಲ್ಡನ್ ಗೇಟ್ ಸೇತುವೆಯ ಮೇಲೆ ಓಡುತ್ತಾ, ದಿನಾ ಬೆಳಗ್ಗೆ 17 ಮೈಲಿ ಓಡುತ್ತೇನೆ, ಚಳಿಯಲ್ಲಿ ಹಲ್ಲು ಕಟಕಟ ಎನ್ನದಂತೆ ಏನು ಮಾಡುತ್ತೀರಿ ಎಂದು ಜನ ಕೇಳುತ್ತಾರೆ, ಹಲ್ಲನ್ನು ಲಾಕರಿನಲ್ಲಿ ಇಟ್ಟು ಬರುತ್ತೇನೆ ಎನ್ನುತ್ತಾರೆ. ಕೇಳಿಸಿಕೊಳ್ಳುವ ಅಭ್ಯಾಸಕ್ಕೆಂದು ಇದನ್ನು ಐದಾರು ಸಲ ಹಾಕಿದೆ. ಆಕೆ ನಗಲಿಲ್ಲ. ಸ್ವಲ್ಪ ಹೊತ್ತಿನ ನಂತರ ಗಂಭೀರವಾಗಿ ಕೇಳಿದರು: “ಹಲ್ಲು ಚಿನ್ನದ್ದಾ ಸಾರ್?” ನಮ್ಮಲ್ಲಿ ಲಾಕರ್ ಎಂದರೆ ಬ್ಯಾಂಕಿನದು, ಅದರಲ್ಲಿ ಒಡವೆಯಲ್ಲದೆ ಇನ್ನೇನಿರುತ್ತದೆ? ಓಟಕ್ಕೆ ಮೊದಲು ಬಟ್ಟೆ ಬಿಚ್ಚಿಡುವ ಕಪಾಟು, ಹಲ್ಲು ಕಟ್ಟಿಸಿಕೊಂಡ ಸೆಟ್ಟು ಎಂದು ವಿವರಿಸುವ ಹೊತ್ತಿಗೆ ಹಾಸ್ಯ ಸತ್ತುಹೋಗಿತ್ತು, ನಗು ಬಂದದ್ದು ನನ್ನ ವಿವರಣೆಗೆ.

ಫಲಿತಾಂಶದ ಬಗ್ಗೆ ಹೇಳಬೇಕಾದದ್ದು ಕಡಿಮೆ. ಗಿರಾಕಿಗಳೊಂದಿಗೆ ಮಾತು ಸರಾಗವಾಯಿತು. ಜೆಫ್ ಜಾನ್ಸನ್ ತಮ್ಮ ಗಿರಾಕಿಗಳಲ್ಲಿ ಒಬ್ಬೊಬ್ಬರಿಗೂ ಒಂದು ಕಾರ್ಡ್ ಮಾಡಿ ಅಳತೆ, ಇಷ್ಟಾನಿಷ್ಟಗಳನ್ನು ಬರೆದಿಡುತ್ತಿದ್ದರೆಂದು ಓದಿದ ಆಕೆ, ತಾವೂ ರಟ್ಟಿನ ಚೀಟಿಗಳಲ್ಲಿ ಇಂಗ್ಲಿಷಿನಲ್ಲಿ ಹಾಗೆ ಬರೆಯತೊಡಗಿದರು; ‘ಲೆಫ್ಟ್ ಫೂಟ್ ಬಿಗ್, ಡಸ್ ನಾಟ್ ಲೈಕ್ ವೈಟ್’ ಎಂಬಂಥ ತುಂಡು ವಾಕ್ಯಗಳು. ಆದರೆ ಸಂದರ್ಶನದಲ್ಲಿ ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಎಂದರಂತೆ. ಹದಿನಾಲ್ಕು ವಾರ ಇನ್ನೊಬ್ಬರ ಕಥೆ ಹೇಳಿಸಿದ್ದೆನೇ ಹೊರತು ಅದಕ್ಕೆ ನಾನು ತಯಾರಿ ಮಾಡಿಸಿರಲಿಲ್ಲ, ಆ ಸಲ ಹುದ್ದೆ ಬೇರೆಯವರಿಗೆ ಹೋಯಿತು; ಆ ತಪ್ಪು ಪೂರ್ತಿಯಾಗಿ ನನ್ನದು. ವೇಗವಾಗಿ ಮಾತನಾಡುವವರ ಇಂಗ್ಲಿಷ್ ಆಕೆಗೆ ಇನ್ನೂ ಕಷ್ಟ. ‘ಎ’ ಮತ್ತು ‘ದಿ’ಗಳ ವಿಷಯದಲ್ಲಿಯೂ ಹೆಚ್ಚೇನೂ ಸಾಧ್ಯವಾಗಲಿಲ್ಲ. ಕನ್ನಡದಲ್ಲಿ ಅವು ಇಲ್ಲ, ಕಥೆಯಿಂದ ಅವು ತಾವಾಗಿ ಬರುವುದೂ ಇಲ್ಲ.

ಹದಿಮೂರನೆಯ ಪುಟವನ್ನು ಬರೆಯಬೇಕೋ ಬೇಡವೋ ಎಂದು ಹಿಂದುಮುಂದು ನೋಡಿ ಬರೆದಿದ್ದೆ. 1990ರ ದಶಕದಲ್ಲಿ ಏಷ್ಯಾದ ಗುತ್ತಿಗೆ ಕಾರ್ಖಾನೆಗಳಲ್ಲಿ ನೈಕಿಗಾಗಿ ದುಡಿಯುವವರ ಸ್ಥಿತಿಯ ಬಗ್ಗೆ ಅಮೆರಿಕದಲ್ಲಿ ದೊಡ್ಡ ವಿರೋಧ ಎದ್ದಿತು. 1998ರ ಮೇ ತಿಂಗಳಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಕರ್ತರ ಸಂಘದಲ್ಲಿ ಮಾತನಾಡಿದ ನೈಟ್, ನೈಕಿಯ ಸರಕು ಗುಲಾಮಗಿರಿಯ ಕೂಲಿಗೆ, ಬಲವಂತದ ಓವರ್‌ಟೈಮಿಗೆ, ಮನಬಂದಂಥ ದೌರ್ಜನ್ಯಕ್ಕೆ ಪರ್ಯಾಯ ಪದವಾಗಿಬಿಟ್ಟಿದೆ ಎಂದು ತಾವೇ ಒಪ್ಪಿಕೊಂಡು, ಶೂ ಕಾರ್ಖಾನೆಗಳಿಗೆ ಹೊಸದಾಗಿ ಸೇರುವವರ ಕನಿಷ್ಠ ವಯಸ್ಸನ್ನು 18ಕ್ಕೆ ಏರಿಸುವುದಾಗಿ ಹೇಳಿದರು. ಆ ವಾಕ್ಯದ ‘ಸಿನಾನಿಮಸ್’, ‘ಆರ್ಬಿಟ್ರರಿ’ ಎಂಬ ಪದಗಳಿಗೆ ಅರ್ಥ ಹೇಳಬೇಕಾಯಿತು. ‘ಫೋರ್ಸ್ಡ್ ಓವರ್‌ಟೈಮ್’ಗೆ ಹೇಳಬೇಕಾಗಲಿಲ್ಲ. ಇಡೀ ಕಥೆಯಲ್ಲಿ ಆಕೆಗೆ ಗೊತ್ತಿದ್ದ ಪದವೊಂದು ಗೊತ್ತಿದ್ದ ಅರ್ಥದಲ್ಲೇ ಬಂದ ಅಪರೂಪದ ಸ್ಥಳ ಇದು. ಆಕೆ ಕೇಳಿದ್ದು ಬೇರೆ: “ಫೋರ್ಸ್ ಮಾಡಿದ್ದು ಯಾರು ಅಂತ ಇದರಲ್ಲಿ ಇಲ್ವಲ್ಲ ಸಾರ್?” ಇಲ್ಲ. ಕರ್ಮಣಿಯಲ್ಲಿ ಹೇಳಬೇಕೆನಿಸಿದರೆ ‘ಬೈ’ ಹಾಕಿ ಹೇಳಬಹುದು, ಹೇಳದೆಯೂ ವಾಕ್ಯ ಪೂರ್ಣವಾಗುತ್ತದೆ ಎಂದೆ.

ಕೊನೆಯ ಭಾನುವಾರಕ್ಕೆ ಹಳೆಯ ಕೆಲಸದ ಬಗ್ಗೆ ಐದು ವಾಕ್ಯ ಬರೆದು ತರಲು ಹೇಳಿದ್ದೆ. ಐದನೆಯದು ಹೀಗಿತ್ತು: ‘ಸಮ್‌ಟೈಮ್ಸ್ ವಿ ವರ್ ನಾಟ್ ಪೇಯ್ಡ್ ಫಾರ್ ದಿ ಓಟಿ ಬೈ ದಿ’, ಅಲ್ಲಿಗೆ ಶಾಯಿ ನಿಂತಿತ್ತು. ಮುಂದಿನ ಜಾಗದಲ್ಲಿ ಪೆನ್ಸಿಲಿನಲ್ಲಿ ಒಂದರ ಕೆಳಗೊಂದರಂತೆ ಮೂರು ಪದಗಳಿದ್ದವು: ಸೂಪರ್‌ವೈಸರ್, ಕಂಪನಿ, ಬಯ್ಯರ್ (ಬಟ್ಟೆ ಹೊಲಿಯಲು ಕಾರ್ಖಾನೆಗೆ ಆರ್ಡರ್ ಕೊಡುವ ಬ್ರ್ಯಾಂಡಿನವರು). ಇವುಗಳಲ್ಲಿ ಯಾವುದು ಸರಿ ಎಂದು ಕೇಳಿದರು. ವ್ಯಾಕರಣದ ಪ್ರಕಾರ ಮೂರೂ ಸರಿ ಎಂದೆ. ಆಕೆ ಯಾವುದನ್ನೂ ಅಳಿಸದೆ ಪುಸ್ತಕ ಮುಚ್ಚಿಟ್ಟರು. ವಾಕ್ಯದಲ್ಲಿ ‘ಓಟಿ’ಯ ಹಿಂದಿನ ‘ದಿ’ ಹೆಚ್ಚಾಗಿತ್ತು. ನಾನೂ ಅದನ್ನು ಅಂದು ತಿದ್ದಲಿಲ್ಲ.